ಜಾಕ್ ಇಲ್ಲದ ಲಾರಿ ಹತ್ತಬೇಡಿ: ಹೊಸ ಚಾಲಕರಿಗೆ ಒಂದು ಎಚ್ಚರಿಕೆ

ಹೆವಿ ಲೈಸೆನ್ಸ್ ಕೈಗೆ ಬಂದ ಕೂಡಲೇ ಸಿಕ್ಕ ಲಾರಿ ಹತ್ತಲು ಆತುರಪಡುವ ತಮ್ಮಂದಿರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಸಂಬಳ ಎಷ್ಟು, ಬಾಟಾ (ದಾರಿ ಖರ್ಚಿನ ಭತ್ಯೆ) ಎಷ್ಟು ಎಂದು ಎಲ್ಲರೂ ಕೇಳುತ್ತಾರೆ. ಲಾರಿಯಲ್ಲಿ ಏನೇನು ಇಟ್ಟು ಕೊಡುತ್ತೀರಿ ಎಂದು ಕೇಳುವವರು ಕಡಿಮೆ. ಮಾಲೀಕರು ಕೊಡದೆ ಬಿಟ್ಟ ಪ್ರತಿಯೊಂದು ವಸ್ತುವೂ ದಾರಿಯಲ್ಲಿ ಚಾಲಕನ ತಲೆಗೇ ಬರುತ್ತದೆ: ದಂಡವಾಗಿ, ಸಾಲವಾಗಿ, ಇಲ್ಲವೇ ಪ್ರಾಣಕ್ಕೆ ಕುತ್ತಾಗಿ. ನನಗೆ ಮೂರೂ ಒಂದೇ ಬಾಡಿಗೆಯಲ್ಲಿ ಎದುರಾದವು.

ರಾಣೆಬೆನ್ನೂರಿನಿಂದ ತಮಿಳುನಾಡಿನ ನಾಮಕ್ಕಲ್‌ಗೆ ಮೆಕ್ಕೆಜೋಳದ ಬಾಡಿಗೆ ಅದು. ಹಾವೇರಿ, ದಾವಣಗೆರೆ ಸೀಮೆಯ ಮೆಕ್ಕೆಜೋಳ ಅಲ್ಲಿನ ಕೋಳಿ ಫಾರಂಗಳಿಗೆ ಆಹಾರವಾಗಿ ಹೋಗುತ್ತದೆ. ಸುಗ್ಗಿಯ ಕಾಲದಲ್ಲಿ ಚಾಲಕರಿಗೆ ಎಲ್ಲಿಲ್ಲದ ಬೇಡಿಕೆ. ಲಾರಿ ಹತ್ತು ಚಕ್ರದ್ದು, ಹಳೆಯದು. ಲೋಡ್ ಆಗುವಾಗಲೇ ಸುತ್ತ ಬಂದು ನೋಡಿದೆ. ಸ್ಟೆಪ್ನಿ, ಅಂದರೆ ಬದಲಿ ಟೈರಿನ ಗೀಟು ಪೂರ್ತಿ ಸವೆದು ನುಣ್ಣಗಾಗಿತ್ತು. ಟೂಲ್ ಪೆಟ್ಟಿಗೆಯಲ್ಲಿದ್ದ ಜಾಕ್ ಸಣ್ಣ ಗಾಡಿಯದು. ಲೋಡ್ ಆದ ಲಾರಿಯನ್ನು ಎತ್ತುವಂಥದ್ದಲ್ಲ. ಕೆಟ್ಟು ನಿಂತಾಗ ಹಿಂದೆ ಇಡುವ ಕೆಂಪು ತ್ರಿಕೋನ ಇರಲಿಲ್ಲ. ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಲ್ಲಿ ಬೀಡಿ ಕಟ್ಟು ಮತ್ತು ಹಳೆಯ ರಸೀದಿಗಳಿದ್ದವು.

ಮಾಲೀಕರನ್ನು ಕೇಳಿದೆ. “ದಾವಣಗೆರೆಯಲ್ಲಿ ನಮ್ಮವರ ಅಂಗಡಿ ಇದೆ ತಮ್ಮಾ, ಅಲ್ಲಿ ಎಲ್ಲ ಕೊಡಿಸುತ್ತೇನೆ, ಮೊದಲು ಲೋಡ್ ತೆಗೆ” ಎಂದರು. ದಾವಣಗೆರೆಯಿಂದ ಫೋನ್ ಮಾಡಿದರೆ ತುಮಕೂರು ಎಂದರು. ತುಮಕೂರು ದಾಟಿದ ಮೇಲೆ ಫೋನ್ ಎತ್ತಲಿಲ್ಲ. ಹೊಸಬರು ಈ ಮಾತಿನ ವರಸೆಯನ್ನು ಗುರುತಿಟ್ಟುಕೊಳ್ಳಬೇಕು. ಲೋಡ್ ಆದ ಲಾರಿಯ ಚಾಲಕ ಅರ್ಧ ದಾರಿಯಲ್ಲಿ ಇಳಿದು ಹೋಗಲಾರ ಎಂಬುದು ಮಾಲೀಕರಿಗೆ ಚೆನ್ನಾಗಿ ಗೊತ್ತು. ಏನು ಕೇಳಬೇಕಿದ್ದರೂ ಲಾರಿ ಅಂಗಳದಲ್ಲಿ ಖಾಲಿ ನಿಂತಿರುವಾಗ ಕೇಳಿ. ಕೊಟ್ಟ ಮೇಲೆಯೇ ಕೀಲಿ ತೆಗೆದುಕೊಳ್ಳಿ.

ಮೊದಲ ಪೆಟ್ಟು ಬಿದ್ದದ್ದು ಹೊಸೂರಿನ ಆಚೆ. ತಪಾಸಣೆಗೆ ನಿಲ್ಲಿಸಿದ ಅಧಿಕಾರಿ ಲಾರಿಯ ಸಂಖ್ಯೆ ಹಾಕಿ ನೋಡಿ, ವಿಮೆ ಮುಗಿದಿದೆ ಎಂದರು. ಮಾಲೀಕರು ಮೊಬೈಲ್‌ಗೆ ಕಳಿಸಿದ್ದ ಚಿತ್ರದಲ್ಲಿ ದಿನಾಂಕದ ಜಾಗ ಸರಿಯಾಗಿ ಕಾಣುತ್ತಲೇ ಇರಲಿಲ್ಲ. ವಿಮೆ ಇಲ್ಲದ ವಾಹನಕ್ಕೆ ಮೊದಲ ಸಲ 2,000 ರೂಪಾಯಿ ದಂಡ ಅಥವಾ ಮೂರು ತಿಂಗಳವರೆಗೆ ಜೈಲು, ಎರಡೂ ಆಗಬಹುದು. ಕಾನೂನು ಮಾಲೀಕರನ್ನು ಮಾತ್ರ ಹಿಡಿಯುವುದಿಲ್ಲ, ಓಡಿಸುವವನನ್ನೂ ಹಿಡಿಯುತ್ತದೆ. ದಂಡ ನನ್ನ ಬಾಟಾ ಹಣದಿಂದ ಹೋಯಿತು. ಅದಕ್ಕಿಂತ ದೊಡ್ಡ ಅಪಾಯ ಬೇರೆ ಇದೆ. ವಿಮೆ ಇಲ್ಲದ ಲಾರಿಯಿಂದ ಯಾರಿಗಾದರೂ ಜೀವಹಾನಿಯಾದರೆ ಪರಿಹಾರದ ಹೊಣೆ ಮಾಲೀಕರ ಜೊತೆಗೆ ಚಾಲಕನ ಮೇಲೂ ಬೀಳುತ್ತದೆ. ಒಬ್ಬ ಚಾಲಕನ ಜೀವಮಾನದ ದುಡಿಮೆ ಅದಕ್ಕೆ ಸಾಲುವುದಿಲ್ಲ.

ಎಂ-ಪರಿವಾಹನ್ ಆ್ಯಪ್‌ನಲ್ಲಿ ಲಾರಿಯ ಸಂಖ್ಯೆ ಹಾಕಿದರೆ ವಿಮೆ, ಎಫ್‌ಸಿ (ಲಾರಿ ಓಡಲು ಯೋಗ್ಯ ಎಂಬ ಪ್ರಮಾಣಪತ್ರ), ಹೊಗೆ ತಪಾಸಣೆ ಎಂದಿನವರೆಗೆ ಇವೆ ಎಂಬುದು ಕೂತಲ್ಲೇ ತಿಳಿಯುತ್ತದೆ. ಲಾರಿಗೆ ಎಂಟು ವರ್ಷ ತುಂಬುವವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿ ಆಗಬೇಕು. ಹಳೆಯ ಲಾರಿಯಾದರೆ ಆ ದಿನಾಂಕವನ್ನು ಮೊದಲು ನೋಡಿ. ತೂಕದ ಚೀಟಿಯನ್ನೂ ಕೇಳಿ ಪಡೆಯಿರಿ. ಹೆಚ್ಚು ಭಾರ ಹೇರಿ ಸಿಕ್ಕಿಬಿದ್ದರೆ 20,000 ರೂಪಾಯಿ, ಮೇಲೆ ಪ್ರತಿ ಹೆಚ್ಚುವರಿ ಟನ್‌ಗೆ 2,000 ರೂಪಾಯಿ ದಂಡವಿದೆ. ಅಲ್ಲಿಯೂ ಚಾಲಕನಿಗೆ ವಿನಾಯಿತಿ ಇಲ್ಲ.

ಕೃಷ್ಣಗಿರಿ ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಹಿಂದಿನ ಜೋಡಿ ಟೈರಿನಲ್ಲಿ ಒಳಗಿನದು ಒಡೆಯಿತು. ನಡುರಾತ್ರಿ. ಹೆದ್ದಾರಿಯ ಅಂಚಿಗೆ ತಂದು ನಿಲ್ಲಿಸಿದೆ. ಹಿಂದಿನ ಒಂದು ದೀಪ ಉರಿಯುತ್ತಿರಲಿಲ್ಲ. ಗಿಡದ ಟೊಂಗೆ ಮುರಿದು ತಂದು, ಕಲ್ಲು ಜೋಡಿಸಿ ಲಾರಿಯ ಹಿಂದೆ ಇಟ್ಟೆ. ಬರುವ ವಾಹನಗಳಿಗೆ ಕಾಣಲಿ ಎಂದು ಮೊಬೈಲ್ ಬೆಳಕು ಬೀಸುತ್ತ ನಿಂತೆ. ಒಂದು ಬಸ್ಸು ನನ್ನ ಪಕ್ಕದಲ್ಲೇ, ಅಂಗಿಗೆ ಗಾಳಿ ಹೊಡೆಯುವಷ್ಟು ಹತ್ತಿರದಲ್ಲಿ ಹಾದು ಹೋಯಿತು. ಕ್ಲೀನರ್ ಇರಲಿಲ್ಲ. ಅವನ ಸಂಬಳ ಉಳಿಸಲು ಈಗ ಎಷ್ಟೋ ಲಾರಿಗಳನ್ನು ಒಬ್ಬನೇ ಚಾಲಕನ ಮೇಲೆ ಬಿಡುತ್ತಾರೆ.

ನಾಮಕ್ಕಲ್ ಕಡೆಯ ಲಾರಿಯೊಂದರ ಹಿರಿಯ ಚಾಲಕರು ನಿಲ್ಲಿಸಿದರು. ಅವರ ಲಾರಿಯಲ್ಲಿ ಏನಿತ್ತು ಎಂದು ಹೇಳುತ್ತೇನೆ, ಏಕೆಂದರೆ ನೀವು ಕೇಳಿ ಪಡೆಯಬೇಕಾದದ್ದು ಅದನ್ನೇ. ಭಾರದ ಲಾರಿ ಎತ್ತುವ ಹೈಡ್ರಾಲಿಕ್ ಜಾಕ್, ಉದ್ದನೆಯ ಪೈಪು ಸಿಕ್ಕಿಸಿದ ವೀಲ್ ಸ್ಪ್ಯಾನರ್, ಚಕ್ರಕ್ಕೆ ಅಡ್ಡ ಕೊಡಲು ಎರಡು ಮರದ ದಿಮ್ಮಿ, ಎರಡು ತ್ರಿಕೋನ, ಹೊಳೆಯುವ ಪಟ್ಟಿಯ ಅಂಗಿ, ಟಾರ್ಚ್, ಬೆಂಕಿ ಆರಿಸುವ ಸಿಲಿಂಡರ್, ಬಿಡಿ ಬಲ್ಬು ಮತ್ತು ಫ್ಯೂಸು, ಹರಿಯದ ತಾಡಪಾಲು, ನೀರಿನ ಕ್ಯಾನ್. ಎಲ್ಲವೂ ಮಾಲೀಕರು ಕೊಟ್ಟದ್ದು, ಬಾಗಿಲ ಒಳಗೆ ಅಂಟಿಸಿದ ಪಟ್ಟಿಯ ಸಮೇತ. ಅವರು ತ್ರಿಕೋನವನ್ನು ಲಾರಿಯ ಬುಡಕ್ಕೆ ಇಡಲಿಲ್ಲ. ವೇಗವಾಗಿ ಬರುವವನಿಗೆ ಬ್ರೇಕ್ ಹಿಡಿಯಲು ಜಾಗ ಸಿಗಬೇಕು ಎಂದು ಬಹಳ ದೂರ ಹಿಂದಕ್ಕೆ ನಡೆದು ಹೋಗಿ ಇಟ್ಟು ಬಂದರು.

ಟೈರ್ ಬದಲಾದ ಮೇಲೆ ಅವರು ನನ್ನ ಕ್ಯಾಬಿನ್ ಹತ್ತಿ, ಎಂಜಿನ್ ಚಾಲೂ ಮಾಡಿ ಬ್ರೇಕ್ ತುಳಿದು ನೋಡಿದರು. ಲಾರಿಯ ಬ್ರೇಕ್ ಹಿಡಿಯುವುದು ಗಾಳಿಯ ಒತ್ತಡದಿಂದ. ಪ್ರತಿ ಸಲ ತುಳಿದಾಗಲೂ ಆ ಗಾಳಿಯ ಮೀಟರಿನ ಮುಳ್ಳು ಇಳಿಯುತ್ತಿತ್ತು. ಮತ್ತೆ ಮೇಲೇರಲು ತುಂಬ ಹೊತ್ತು ತೆಗೆದುಕೊಳ್ಳುತ್ತಿತ್ತು. ಗಾಳಿ ಕಡಿಮೆಯಾದರೆ ಕೂಗಬೇಕಾದ ಬಜರ್ ಕೂಗಲಿಲ್ಲ. ಡ್ಯಾಶ್‌ಬೋರ್ಡಿನ ಕೆಳಗೆ ಕೈ ಹಾಕಿ ಒಂದು ತಂತಿಯನ್ನು ಹೊರಗೆಳೆದು ತೋರಿಸಿದರು. ತುದಿ ಕತ್ತರಿಸಿ ಕಪ್ಪು ಟೇಪು ಸುತ್ತಿದ್ದರು. ಸವೆದು ಹೋಗಿದ್ದಲ್ಲ, ತಾನಾಗಿ ಕಳಚಿದ್ದಲ್ಲ. ಕೂಗು ಕಿರಿಕಿರಿ ಎಂದು ಯಾರೋ ಕತ್ತರಿಸಿದ್ದರು. ಅದನ್ನು ನೆನೆದರೆ ಇಂದಿಗೂ ಮೈ ಉರಿಯುತ್ತದೆ.

ಮುಂದೆ ಇದ್ದದ್ದು ಧರ್ಮಪುರಿಯಿಂದ ಸೇಲಂ ಕಡೆಗೆ ಇಳಿಯುವ ತೊಪ್ಪೂರು ಘಾಟಿ. ಆ ಹಾದಿಯಲ್ಲಿ ಓಡಾಡಿದ ಯಾವ ಚಾಲಕನನ್ನಾದರೂ ಕೇಳಿ. 2020ರ ಡಿಸೆಂಬರಿನಲ್ಲಿ, 2024ರ ಜನವರಿಯಲ್ಲಿ ಅಲ್ಲಿ ನಡೆದ ಸರಣಿ ಅಪಘಾತಗಳು ದೇಶದ ಪತ್ರಿಕೆಗಳಲ್ಲೆಲ್ಲ ಬಂದಿದ್ದವು. ಇಳಿಜಾರಿನಲ್ಲಿ ಬ್ರೇಕನ್ನೇ ನಂಬಿ ಬಂದರೆ ಚಕ್ರ ಹಿಡಿಯುವ ಲೈನರ್ ಪಟ್ಟಿ ಕಾದು ಹಿಡಿತ ಬಿಡುತ್ತದೆ. ಪದೇ ಪದೇ ತುಳಿದರೆ ಕಂಪ್ರೆಸರ್ ತುಂಬುವುದಕ್ಕಿಂತ ಬೇಗ ಗಾಳಿ ಖಾಲಿಯಾಗುತ್ತದೆ. ಡೀಸೆಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಇಳಿಸಿದರಂತೂ ಎಂಜಿನ್ ಹಿಡಿತವೂ ಇಲ್ಲ, ಗಾಳಿಯೂ ಸರಿಯಾಗಿ ತುಂಬುವುದಿಲ್ಲ. ಲೀಟರಿಗೆ ಇಷ್ಟು ಕಿಲೋಮೀಟರ್ ಬರಲೇಬೇಕು, ಬಾರದಿದ್ದರೆ ಸಂಬಳದಲ್ಲಿ ಕಡಿತ ಎಂದು ನನ್ನ ಮಾಲೀಕರು ಮೊದಲೇ ಹೇಳಿದ್ದರು. ಇಂಥ ಕರಾರು ಚಾಲಕನನ್ನು ನ್ಯೂಟ್ರಲ್‌ಗೆ ದೂಡುತ್ತದೆ. ಅದಕ್ಕೆ ಒಪ್ಪಬೇಡಿ.

ನಾನು ಘಾಟಿ ಇಳಿಯಲಿಲ್ಲ. ಧರ್ಮಪುರಿಯ ಬಳಿ ಲಾರಿ ನಿಲ್ಲಿಸಿ ಬೆಳಿಗ್ಗೆ ಮೆಕ್ಯಾನಿಕ್ ಕರೆಸಿದೆ. ಹಿಂದಿನ ಬ್ರೇಕ್ ಚೇಂಬರಿನ ಡಯಾಫ್ರಂ, ಅಂದರೆ ಗಾಳಿ ತಡೆದು ನಿಲ್ಲಿಸುವ ರಬ್ಬರ್ ಪೊರೆ, ಹರಿದಿತ್ತು. ಅವರು ಅದನ್ನು ಬಿಚ್ಚಿ ಬೆಳಕಿಗೆ ಹಿಡಿದಾಗ ಸೀಳಿನ ಆಚೆಗಿನ ಬೆರಳು ಕಾಣುತ್ತಿತ್ತು. ರಿಪೇರಿ ಹಣ ಕಳಿಸಿ ಎಂದರೆ ಮಾಲೀಕರು, “ಬೇರೆ ಡ್ರೈವರ್ ಇದೇ ಗಾಡಿಯನ್ನು ವರ್ಷಗಟ್ಟಲೆ ಓಡಿಸಿದ್ದಾನೆ, ನಿನಗೇ ಯಾಕೆ ಭಯ” ಎಂದರು. ಸಾಲ ಮಾಡಿ ರಿಪೇರಿ ಮಾಡಿಸಿ ಲೋಡ್ ಇಳಿಸಿ ಬಂದೆ. ಊರಿಗೆ ಬಂದ ಮೇಲೆ ಟೈರು, ರಿಪೇರಿ, ತಡವಾದದ್ದು ಎಲ್ಲವನ್ನೂ ನನ್ನ ಲೆಕ್ಕಕ್ಕೇ ಬರೆದರು. ಕೆಲಸಕ್ಕೆ ಸೇರುವಾಗ ‘ಭದ್ರತೆಗೆ’ ಎಂದು ಇಸಿದುಕೊಂಡಿದ್ದ ನನ್ನ ಮೂಲ ಲೈಸೆನ್ಸನ್ನೂ ಕೊಡಲಿಲ್ಲ. ಚಾಲಕರ ಸಂಘದ ಹಿರಿಯರು ಬಂದು ಕೂತ ಮೇಲೆ ಲೈಸೆನ್ಸ್ ಸಿಕ್ಕಿತು. ಹಣ ಸಿಗಲಿಲ್ಲ.

ಕಾನೂನಿನಲ್ಲಿ ಏನೂ ಇಲ್ಲವೆಂದಲ್ಲ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯೇ ಪ್ರತಿ ವಾಹನದಲ್ಲಿ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ವಾರಕ್ಕೊಂದು ರಜೆ, ದಿನಕ್ಕೆ ಎಂಟು ಗಂಟೆ ಕೆಲಸ, ದೂರದ ಹಾದಿಯಾದರೆ ಹೆಚ್ಚೆಂದರೆ ಹತ್ತು ಗಂಟೆ ಎಂದು ಹೇಳಿತ್ತು. ಆದರೆ ಅದು ಐದು ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗಳಿಗೆ ಮಾಡಿದ ಕಾಯ್ದೆ. ಒಂದೆರಡು ಲಾರಿ ಇಟ್ಟುಕೊಂಡವರ ಬಳಿ ದುಡಿಯುವ ನಮ್ಮಂಥವರು ಅದರ ನೆರಳಿಗೇ ಬರಲಿಲ್ಲ. 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳ ಕ್ಯಾಬಿನ್‌ಗೆ ಎ.ಸಿ. ಕಡ್ಡಾಯವಾಗಿದೆ; ಒಳ್ಳೆಯದೇ. ಹಳೆಯ ಲಾರಿಗೆ ಅದು ಅನ್ವಯಿಸುವುದಿಲ್ಲ. ಅಲ್ಲಿ ಕನಿಷ್ಠ ಓಡುವ ಫ್ಯಾನು, ಕಾಲು ಚಾಚಿ ಮಲಗುವಷ್ಟು ಬರ್ತ್, ಸರಿಯಾಗಿ ಚಿಲಕ ಬೀಳುವ ಬಾಗಿಲು ಇರಲೇಬೇಕು. ಹೊಸ ಹೊಗೆ ನಿಯಮದ ಬಿಎಸ್-6 ಲಾರಿಯಾದರೆ, ಹೊಗೆಯ ವಿಷ ಕಡಿಮೆ ಮಾಡಲು ತುಂಬುವ ಡಿಇಎಫ್ ದ್ರವದ ಖರ್ಚು ಯಾರದು ಎಂದು ಮೊದಲೇ ಮಾತಾಡಿ. ಫಾಸ್ಟ್ಯಾಗ್‌ನಲ್ಲಿ ಹಣವಿದೆಯೇ ನೋಡಿ. ಇಲ್ಲದಿದ್ದರೆ ಟೋಲ್‌ನಲ್ಲಿ ಹೆಚ್ಚು ಹಣ ಕಟ್ಟಬೇಕಾಗುತ್ತದೆ.

ಮೂಲ ಲೈಸೆನ್ಸನ್ನು ಯಾರ ಕೈಗೂ ಕೊಡಬೇಡಿ, ನಕಲು ಪ್ರತಿ ಸಾಕು. ಡಿಜಿಲಾಕರ್‌ನಲ್ಲಿ ಒಂದು ಪ್ರತಿ ಇಟ್ಟುಕೊಳ್ಳಿ, ತಪಾಸಣೆಯಲ್ಲಿ ಅದು ನಡೆಯುತ್ತದೆ. ಮುಂಗಡ ಕೊಡುವಾಗ ಖಾಲಿ ಕಾಗದಕ್ಕೆ ಸಹಿ ಕೇಳಿದರೆ ಎದ್ದು ಬನ್ನಿ. ಹೊರಡುವ ಮುನ್ನ ಟೈರು, ಸ್ಟೆಪ್ನಿ, ಜಾಕ್, ಗಾಳಿಯ ಮೀಟರ್ ಇವುಗಳ ಚಿತ್ರ ತೆಗೆದು ಮಾಲೀಕರ ವಾಟ್ಸ್ಆ್ಯಪ್‌ಗೆ ಕಳಿಸಿ, ಏನೇನು ಇಲ್ಲ ಎಂದು ಬರೆದು ಹಾಕಿ. ಲೆಕ್ಕಕ್ಕೆ ಕೂರುವ ದಿನ ಬಾಯಿ ಮಾತು ನಿಲ್ಲುವುದಿಲ್ಲ, ಆ ಬರಹ ನಿಲ್ಲುತ್ತದೆ.

ನಾನು ಬಿಟ್ಟ ಆ ಲಾರಿಗೆ ಈಗ ಹೊಸ ಚಾಲಕರನ್ನು ಹುಡುಕುತ್ತಿದ್ದಾರೆಂದು ತಿಳಿಯಿತು. ರಾಣೆಬೆನ್ನೂರು ಸುತ್ತಮುತ್ತ ಯಾರಾದರೂ ಹತ್ತು ಚಕ್ರದ ಹಳೆಯ ಲಾರಿ, ನಾಮಕ್ಕಲ್ ಬಾಡಿಗೆ, ಲೈಸೆನ್ಸ್ ನಮ್ಮ ಬಳಿ ಇರಲಿ ಎಂದರೆ ಒಪ್ಪುವ ಮುನ್ನ ಡ್ಯಾಶ್‌ಬೋರ್ಡಿನ ಕೆಳಗಿನ ತಂತಿಗಳನ್ನು ಒಮ್ಮೆ ಎಳೆದು ನೋಡಿ.