ಮಕ್ಕಳ ವಾರ್ಡಿಗೆ ಒಯ್ಯುವ ದೇವರ ಸಾಮಾನು: ಯಾವುದು ಕೊಳ್ಳಬೇಕು, ಯಾವುದು ಬೇಡ

ಮಗುವನ್ನು ಅಡ್ಮಿಟ್ ಮಾಡಿದ ಮಾರನೆಯ ದಿನವೇ ಊರಿನಿಂದ ಒಂದು ಚೀಲ ಬರುತ್ತದೆ. ಚಾಪೆ, ಫ್ಲಾಸ್ಕು, ಬಟ್ಟೆಗಳ ನಡುವೆ ಧರ್ಮಸ್ಥಳದ ಕುಂಕುಮದ ಪೊಟ್ಟಣ, ಮಂತ್ರಿಸಿದ ದಾರ, ತಾಯಿತ, ತೀರ್ಥದ ಬಾಟಲಿ, ಈಚೆಗೆ ಪ್ಲಾಸ್ಟಿಕ್ಕಿನ ಬ್ಯಾಟರಿ ದೀಪ. ಸಿಸ್ಟರ್ ಬಂದು ಅದರಲ್ಲಿ ಅರ್ಧವನ್ನು 'ತೆಗೆದಿಡಿ' ಅನ್ನುತ್ತಾರೆ. ಯಾಕೆ ಎಂದು ಹೇಳುವಷ್ಟು ಪುರುಸೊತ್ತು ಅವರಿಗಿರುವುದಿಲ್ಲ, ಕೇಳುವಷ್ಟು ಧೈರ್ಯ ಮನೆಯವರಿಗಿರುವುದಿಲ್ಲ. ಅಜ್ಜಿ ದಿಂಬಿನ ಕೆಳಗೆ ಬಚ್ಚಿಡುತ್ತಾರೆ, ನಿಜವಾದ ಅಪಾಯ ಶುರುವಾಗುವುದು ಅಲ್ಲಿಂದ. ಈ ವಿಮರ್ಶೆ ಆ ಚೀಲದ್ದು. ದೇವರ ಸಾಮಾನಿನಲ್ಲಿ ವಾರ್ಡಿಗೆ ಹೊಂದುವಂಥವು ಬೇಕಾದಷ್ಟಿವೆ. ಪ್ರತಿಯೊಂದೂ ಮಗುವಿನ ಮೈಯ ಯಾವ ಜಾಗಕ್ಕೆ, ಯಾವ ಯಂತ್ರಕ್ಕೆ ತಾಗುತ್ತದೆ ಅನ್ನುವುದು ಗೊತ್ತಿದ್ದರೆ ಆಯ್ಕೆ ಸುಲಭ.

ಮೊದಲು ಬ್ಯಾಟರಿ ದೀಪ, ಯಾಕೆಂದರೆ ಜನ ಹೆಚ್ಚು ಕೊಳ್ಳುವುದು ಅದನ್ನೇ ಮತ್ತು ಹೆಚ್ಚು ಎಡವುವುದೂ ಅಲ್ಲೇ. ಎಣ್ಣೆ ದೀಪ, ಕರ್ಪೂರ, ಊದುಬತ್ತಿ ವಾರ್ಡಿನಲ್ಲಿ ಯಾವ ಕಾರಣಕ್ಕೂ ಬೇಡ. ಆಮ್ಲಜನಕ ತಾನಾಗಿ ಉರಿಯುವುದಿಲ್ಲ, ಉರಿಯುವುದನ್ನು ಹುಚ್ಚಾಗಿ ಉರಿಸುತ್ತದೆ. ಮೂಗಿನ ನಳಿಕೆಯಿಂದ ಸೋರಿದ ಆಮ್ಲಜನಕ ಹೊದಿಕೆ, ದಿಂಬು, ಕೂದಲಲ್ಲಿ ಸೇರಿಕೊಂಡಿರುತ್ತದೆ. ಪಕ್ಕದ ಮಂಚದ ಮಗುವಿಗೆ ಹಾಕಿದ್ದರೂ ಲೆಕ್ಕ ಅದೇ. ಮಂಚದ ತುದಿಗೆ ತೂಗುಹಾಕಿರುವ ಕೈ ತೊಳೆಯುವ ದ್ರಾವಣದಲ್ಲಿ ಮುಕ್ಕಾಲು ಪಾಲು ಮದ್ಯಸಾರವೇ ಇರುತ್ತದೆ, ಕೈ ಆರುವ ಮುಂಚೆ ಬೆಂಕಿಕಡ್ಡಿ ಗೀರಿದರೆ ಕೈಯೇ ಹತ್ತಿಕೊಳ್ಳುತ್ತದೆ. ಊದುಬತ್ತಿಯ ಹೊಗೆ ಉಬ್ಬಸ, ನ್ಯುಮೋನಿಯಾ ಮಕ್ಕಳಿಗೆ ಕೆಮ್ಮು ಎಬ್ಬಿಸುತ್ತದೆ.

ಹಾಗಾಗಿ ಬ್ಯಾಟರಿ ದೀಪ ಒಳ್ಳೆಯ ಉಪಾಯ, ಆದರೆ ಎಲ್ಲ ಬ್ಯಾಟರಿ ದೀಪವೂ ಅಲ್ಲ. ಗ್ರಂಧಿಗೆ ಅಂಗಡಿಯಲ್ಲೂ ಆನ್‌ಲೈನಿನಲ್ಲೂ ಡಜನ್ ಲೆಕ್ಕದಲ್ಲಿ ಅಗ್ಗಕ್ಕೆ ಸಿಗುವ ಪುಟ್ಟ ಹಣತೆಗಳನ್ನು ತಿರುಗಿಸಿ ತಳ ನೋಡಿ. ಹೆಚ್ಚಿನವುಗಳಲ್ಲಿ ಸಿಆರ್ 2032 ಎಂಬ ಗುಂಡಿ ಸೆಲ್ ಇರುತ್ತದೆ: 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ, 3 ವೋಲ್ಟ್. ಮುಚ್ಚಳ ಉಗುರಿನಿಂದಲೇ ಏಳುತ್ತದೆ, ಕೆಲವದರಲ್ಲಿ ಕೆಳಗೆ ಬಿದ್ದರೆ ತಾನೇ ಬಿಚ್ಚಿಕೊಳ್ಳುತ್ತದೆ. ಮಗು ಇದನ್ನು ನುಂಗಿದರೆ ಪುಟ್ಟ ಅನ್ನನಾಳದಲ್ಲಿ ಸಿಕ್ಕಿಕೊಳ್ಳುತ್ತದೆ. ಒದ್ದೆ ಗೋಡೆ ಎರಡೂ ಧ್ರುವಗಳನ್ನು ಜೋಡಿಸಿ ವಿದ್ಯುತ್ ಹರಿಯುತ್ತದೆ, ಋಣ ಧ್ರುವದ ಕಡೆ ಕ್ಷಾರ ಹುಟ್ಟಿ ಮಾಂಸ ಬೇಯುತ್ತದೆ. ಎರಡು ಗಂಟೆಯೊಳಗೆ ಗಂಭೀರ ಗಾಯವಾಗಬಹುದು. ದೀಪ ಹತ್ತದಷ್ಟು ಸತ್ತ ಸೆಲ್ಲಿನಲ್ಲೂ ಇದಕ್ಕೆ ಸಾಕಾಗುವಷ್ಟು ವೋಲ್ಟೇಜ್ ಉಳಿದಿರುತ್ತದೆ, 'ಹಳೇದು, ಬಿಡಿ' ಎಂದು ಕಿಟಕಿಯ ಮೇಲೆ ಇಡುವಂತಿಲ್ಲ. ಮೂಗಿಗೋ ಕಿವಿಗೋ ತುರುಕಿಕೊಂಡರೂ ಸುಡುತ್ತದೆ.

ಕೊಳ್ಳುವುದಾದರೆ ಎಎ ಅಥವಾ ಎಎಎ ಸೆಲ್ಲಿನ, ಅಂಗೈ ಅಗಲದ ಒಂದೇ ದೀಪ ಕೊಳ್ಳಿ. ಸೆಲ್ಲಿನ ಮುಚ್ಚಳಕ್ಕೆ ಸ್ಕ್ರೂ ಇರಬೇಕು. ಆಟಿಕೆಗಳಿಗೆ 2021ರ ಜನವರಿಯಿಂದ ಐಎಸ್ಐ ಗುರುತು ಕಡ್ಡಾಯವಾಗಿದೆ. ದೀಪ ಆಟಿಕೆಯಲ್ಲವಾದ್ದರಿಂದ ಆ ಕಾವಲು ಇದಕ್ಕಿಲ್ಲ, ಸ್ಕ್ರೂ ಇದೆಯೇ ಎಂದು ನೀವೇ ನೋಡಬೇಕು. ಗುಂಡಿ ಸೆಲ್ಲಿನದು ಆಗಲೇ ಮನೆಗೆ ಬಂದಿದ್ದರೆ ವಾರ್ಡಿಗೆ ತರಬೇಡಿ, ಟೇಪು ಸುತ್ತಿಯೂ ಬೇಡ. ಪಕ್ಕದ ಮಂಚದಲ್ಲೂ ಎರಡು ವರ್ಷದ ಮಗುವೊಂದು ಇರುತ್ತದೆ, ಅದಕ್ಕೆ ನಿಮ್ಮ ಟೇಪು ಆಟದ ಸಾಮಾನು.

ನುಂಗಿದ ಅನುಮಾನ ಬಂದರೆ ವಾರ್ಡಿನಲ್ಲಿ ತಕ್ಷಣ ಸಿಸ್ಟರಿಗೆ ಹೇಳಿ, ಎಕ್ಸ್‌ರೇ ಆಗಬೇಕು. ಮನೆಯಲ್ಲಾದರೆ ಒಂದು ವರ್ಷ ದಾಟಿದ, ನುಂಗಲು ಬರುವ ಮಗುವಿಗೆ ಎರಡು ಟೀ ಚಮಚ ಜೇನುತುಪ್ಪ ಕೊಟ್ಟು ಹೊರಡಿ. ದಾರಿಯಲ್ಲಿ ಹತ್ತು ನಿಮಿಷಕ್ಕೊಮ್ಮೆ ಹಾಗೇ ಕೊಡಬಹುದು, ಆರು ಸಲಕ್ಕಿಂತ ಹೆಚ್ಚು ಬೇಡ. ಜೇನು ಹುಡುಕುತ್ತ ತಡಮಾಡಬೇಡಿ, ನುಂಗಿ ಹನ್ನೆರಡು ಗಂಟೆ ದಾಟಿದ್ದರೆ ಕೊಡಲೂ ಬೇಡಿ. ವಾಂತಿ ಮಾಡಿಸುವುದು, 'ಜಾರಿ ಹೋಗಲಿ' ಎಂದು ಬಾಳೆಹಣ್ಣು ನುಂಗಿಸುವುದು ಎರಡೂ ತಪ್ಪು.

ಇನ್ನು ದಾರ. ಇದು ದುಡ್ಡಿನ ಮಾತಲ್ಲ, ಕಟ್ಟುವ ಜಾಗದ ಮಾತು. ಮಕ್ಕಳಿಗೆ ಡ್ರಿಪ್ ಸೂಜಿ ಹಾಕುವುದು ಹೆಚ್ಚಾಗಿ ಮುಂಗೈಗೆ ಅಥವಾ ಪಾದದ ಮೇಲೆ. ಸಣ್ಣ ರಕ್ತನಾಳದಿಂದ ಸೂಜಿ ಜಾರಿದರೆ ದ್ರವ ಚರ್ಮದ ಕೆಳಗೆ ಸೋರಿ ಕೈ ಊದಿಕೊಳ್ಳುತ್ತದೆ. ಆಗ ಮಣಿಕಟ್ಟಿನಲ್ಲಿ ದೇವಸ್ಥಾನದ ದಾರವೋ ಕರಿಮಣಿ ಸರವೋ ಇದ್ದರೆ ಅದೇ ಬಿಗಿದು ರಕ್ತ ಓಡಾಟ ನಿಲ್ಲಿಸುತ್ತದೆ, ಮೇಲೆ ಬ್ಯಾಂಡೇಜು ಸುತ್ತಿರುವುದರಿಂದ ಕಣ್ಣಿಗೂ ಬೀಳುವುದಿಲ್ಲ. ನಾಲ್ಕೂ ಕೈಕಾಲು ಬರಿದಾಗಿರಲಿ, ಇಂದು ಬಲಗೈಯಲ್ಲಿದ್ದ ಸೂಜಿ ನಾಳೆ ಎಡಗಾಲಿಗೆ ಬರುತ್ತದೆ. ಕೊರಳಿಗೆ ಹಾಕುವುದು ಇನ್ನೂ ಕೆಟ್ಟದ್ದು, ನಿದ್ದೆಯಲ್ಲಿ ಹೊರಳಿದಾಗ ಮಂಚದ ಕಂಬಿಗೆ ಸಿಕ್ಕಿ ಬಿಗಿಯಬಹುದು. ಉಡಿದಾರಕ್ಕೆ ಹೊಟ್ಟೆಯ ಆಪರೇಷನ್ ಇಲ್ಲದಿದ್ದರೆ ಸಾಮಾನ್ಯವಾಗಿ ಯಾರೂ ತಕರಾರು ಮಾಡುವುದಿಲ್ಲ. ಎರಡು ಬೆರಳು ಸಲೀಸಾಗಿ ತೂರುವಷ್ಟು ಸಡಿಲವಿರಬೇಕು. ಕಿಡ್ನಿ ತೊಂದರೆಯಿಂದ ಮೈ ಊದಿಕೊಳ್ಳುವ ಮಕ್ಕಳಲ್ಲಿ ಬೆಳಿಗ್ಗೆ ಸಡಿಲವಿದ್ದದ್ದು ಸಂಜೆಗೆ ಕೊರೆಯುತ್ತದೆ, ಅವರಿಗೆ ಬಿಚ್ಚಿಡುವುದೇ ಸರಿ.

ಬಿಚ್ಚಿದ ದಾರ ಎಲ್ಲಿಡುವುದು? ನಮಗೆ ಮೆಚ್ಚುಗೆಯಾದದ್ದು ತಾಯಿಯ ಕೈ. ಮಗುವಿನ ದಾರವನ್ನು ತಾಯಿ ತನ್ನ ಮಣಿಕಟ್ಟಿಗೆ ಸುತ್ತಿಕೊಂಡರೆ ಅಜ್ಜಿಯರೂ ಒಪ್ಪುತ್ತಾರೆ, ತಾಯಿ ಕೂಸು ಒಂದೇ ಜೀವ ಎಂಬ ಲೆಕ್ಕ ಅವರದೇ ತಾನೆ.

ತಾಯಿತದ ತೊಂದರೆ ಬೇರೆ. ಎದೆಯ ಎಕ್ಸ್‌ರೇಯಲ್ಲಿ ಅದರ ನೆರಳು ಬಿದ್ದು ಮತ್ತೊಮ್ಮೆ ತೆಗೆಯಬೇಕಾಗುತ್ತದೆ. ಎಂಆರ್‌ಐ ಕೋಣೆಯೊಳಕ್ಕೆ ಲೋಹ ಹೋಗುವಂತಿಲ್ಲ, ಬೆಳ್ಳಿ ತಾಯಿತವನ್ನು ಆಯಸ್ಕಾಂತ ಎಳೆಯದಿದ್ದರೂ ಒಳಗೆ ಕಬ್ಬಿಣದ ತಗಡು ಇದೆಯೋ ಎಂದು ಮಂತ್ರಿಸಿ ಕೊಟ್ಟವರಿಗಷ್ಟೇ ಗೊತ್ತು. ಆಪರೇಷನ್ನಿನಲ್ಲಿ ರಕ್ತ ನಿಲ್ಲಿಸಲು ವಿದ್ಯುತ್ ಉಪಕರಣ ಬಳಸುವಾಗ ಮೈಗೆ ತಾಗಿದ ಲೋಹದ ಜಾಗದಲ್ಲಿ ಸುಟ್ಟಗಾಯ ಆಗುವ ಸಂಭವವಿದೆ. ಹಲ್ಲು ಬರುವ ಕೂಸು ಅದನ್ನು ಚೀಪುತ್ತದೆ, ಅಗ್ಗದ ಲೋಹದಲ್ಲಿ ಸೀಸ ಇರಬಹುದು. ಬಿಚ್ಚಿ, ಜಿಪ್ ಇರುವ ಸಣ್ಣ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಹೆಸರು ಬರೆದು ಮನೆಯವರೇ ಇಟ್ಟುಕೊಳ್ಳಲಿ. ದಿಂಬಿನ ಕೆಳಗೆ ಇಟ್ಟರೆ ಹಾಸಿಗೆ ಬಟ್ಟೆ ಬದಲಿಸುವಾಗ ಒಗೆಯುವ ಕೋಣೆಗೆ ಹೋಗುತ್ತದೆ.

ಲಿಂಗಾಯತ ಮನೆಗಳ ಇಷ್ಟಲಿಂಗದ ಮಾತು ಇನ್ನೂ ಸೂಕ್ಷ್ಮ. ಲಿಂಗವಿಡುವ ಕರಡಿಗೆಯನ್ನು ಆಪರೇಷನ್ ಥಿಯೇಟರ್ ಬಾಗಿಲಲ್ಲಿ ಅವಸರದಿಂದ ಬಿಚ್ಚಿಸುವ ಪರಿಸ್ಥಿತಿ ಬರಬಾರದು. ಹಿಂದಿನ ಸಂಜೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವಾಗಲೇ ಕೇಳಿ: ಎಷ್ಟು ಹೊತ್ತಿಗೆ ತೆಗೆಯಬೇಕು, ಮರಳಿ ಯಾವಾಗ ಕಟ್ಟಬಹುದು. ಮನೆಯ ಹಿರಿಯರು ಶುಚಿಯಾಗಿ ತೆಗೆದು ತಮ್ಮ ಬಳಿ ಇಟ್ಟುಕೊಳ್ಳಲು ಆಗ ಸಮಯ ಸಿಗುತ್ತದೆ. ಮುಸ್ಲಿಮರ ತಾವೀಜಿಗೂ ಕ್ರೈಸ್ತರ ಜಪಸರಕ್ಕೂ ಇದೇ ಮಾತು.

ವಿಭೂತಿಯಲ್ಲಿ ಪುಡಿಗಿಂತ ಗಟ್ಟಿ ಮೇಲು, ಹಾರುವುದಿಲ್ಲ, ಕೂಸಿನ ಮೂಗಿಗೆ ಹೋಗುವುದಿಲ್ಲ. ಕುಂಕುಮವನ್ನು ಎಳೆ ಚರ್ಮಕ್ಕೆ ಹಚ್ಚದೆ ಪೊಟ್ಟಣ ಸಮೇತ ಹಣೆಗೆ ಮುಟ್ಟಿಸಿ ತಾಯಿ ಇಟ್ಟುಕೊಂಡರೆ ಸಾಕು. ಕತ್ತಿಗೆ ಅಥವಾ ಎದೆಗೆ ದೊಡ್ಡ ನಳಿಕೆ ಹಾಕಿದ್ದರೆ ಅದರ ಪ್ಲಾಸ್ಟರಿನ ಹತ್ತಿರ ಯಾವ ಪುಡಿಯೂ ಬೇಡ, ಸೋಂಕು ನೇರ ರಕ್ತಕ್ಕೆ ಹೋಗುವ ದಾರಿ ಅದು. ದೃಷ್ಟಿಬೊಟ್ಟಿನದು ತಮಾಷೆಯ ಪೇಚು: ಅಂಗಾಲಿಗೆ ಕಾಡಿಗೆ ಇಡುವುದು ನಮ್ಮ ವಾಡಿಕೆ, ಆಮ್ಲಜನಕ ಅಳೆಯುವ ಕೆಂಪು ಬೆಳಕಿನ ಪಟ್ಟಿಯನ್ನು ಕೂಸಿನ ಪಾದಕ್ಕೇ ಸುತ್ತುತ್ತಾರೆ. ಕಪ್ಪು ಬಣ್ಣ ಬೆಳಕನ್ನು ತಡೆದರೆ ಅಂಕಿ ತಪ್ಪುತ್ತದೆ, ಇಲ್ಲವೇ ಅಲಾರಂ ಹೊಡೆದುಕೊಳ್ಳುತ್ತದೆ. ಕೆನ್ನೆಗಿಟ್ಟರೆ ಯಾರಿಗೂ ತೊಂದರೆಯಿಲ್ಲ. ದೃಷ್ಟಿ ನಿವಾಳಿಸುವುದಿದ್ದರೆ ಮೆಣಸಿನಕಾಯಿ ಸುಡುವ ಕ್ರಮ ಬಿಟ್ಟು ಕಲ್ಲುಪ್ಪಿನಲ್ಲಿ ನಿವಾಳಿಸಿ ನೀರಿನಲ್ಲಿ ಕರಗಿಸಿಬಿಡಿ.

ತೀರ್ಥಪ್ರಸಾದದ ವಿಷಯದಲ್ಲಿ ಕಟ್ಟುನಿಟ್ಟು ಬೇಕು. ಆಪರೇಷನ್ನಿಗೆ ಮುಂಚೆ ಹೊಟ್ಟೆ ಖಾಲಿ ಇರಬೇಕು, ಇಲ್ಲದಿದ್ದರೆ ಅರಿವಳಿಕೆಯಲ್ಲಿ ವಾಂತಿ ಶ್ವಾಸಕೋಶಕ್ಕೆ ಇಳಿಯುತ್ತದೆ. ಸಾಮಾನ್ಯ ಲೆಕ್ಕ: ಗಟ್ಟಿ ಆಹಾರ, ಹಸುವಿನ ಹಾಲು, ಪುಡಿಹಾಲು ಆರು ಗಂಟೆ, ಎದೆಹಾಲು ನಾಲ್ಕು, ತಿಳಿ ನೀರು ಎರಡು. ಆಸ್ಪತ್ರೆಯಿಂದ ಆಸ್ಪತ್ರೆಗೆ ಸ್ವಲ್ಪ ವ್ಯತ್ಯಾಸವಿರುತ್ತದೆ, ನಿಮ್ಮಲ್ಲಿ ಹೇಳಿದ್ದೇ ಅಂತಿಮ. ತುಳಸಿ ದಳ ಬಿದ್ದ ತೀರ್ಥ ತಿಳಿ ನೀರಲ್ಲ. ಪಂಚಾಮೃತವಂತೂ ಹಾಲು ಮೊಸರಿನ ಊಟವೇ, ಅದರಲ್ಲಿ ಜೇನು ಇರುವುದರಿಂದ ವರ್ಷ ತುಂಬದ ಕೂಸಿಗೆ ಯಾವ ದಿನವೂ ಬೇಡ. ಜೇನಿನಲ್ಲಿರಬಹುದಾದ ಒಂದು ಬ್ಯಾಕ್ಟೀರಿಯಾ ಎಳೆ ಕರುಳಿನಲ್ಲಿ ಬೆಳೆದು ಸ್ನಾಯುಗಳನ್ನು ನಿಶ್ಚೇಷ್ಟಗೊಳಿಸುವ ವಿಷ ಉಂಟುಮಾಡುತ್ತದೆ. ಪ್ರೀತಿಯಿಂದ ಚಮಚದಲ್ಲಿ ಹನಿಸಿದ್ದನ್ನು ಯಾರೂ ಡಾಕ್ಟರಿಗೆ ಹೇಳುವುದಿಲ್ಲ, ಹೇಳಿದರೆ ಆಪರೇಷನ್ ಕೆಲವು ಗಂಟೆ ಮುಂದೆ ಹೋಗುತ್ತದೆ ಅಷ್ಟೆ. ದಯವಿಟ್ಟು ಹೇಳಿ.

ಕ್ಯಾನ್ಸರ್ ಚಿಕಿತ್ಸೆಯಲ್ಲಿ ಬಿಳಿ ರಕ್ತಕಣ ಕುಸಿದ ಮಕ್ಕಳಿಗೆ ದೇವಸ್ಥಾನದ ತೀರ್ಥ, ಮೆಕ್ಕಾದ ಝಂಝಂ ನೀರು, ಚರ್ಚಿನ ಪವಿತ್ರ ಜಲ ಯಾವುದೂ ಬಾಯಿಗೆ ಬೇಡ. ಕುದಿಸದ ನೀರು ಎಲ್ಲಿಯದಾದರೂ ಕುದಿಸದ ನೀರೇ. ಹೂವು, ತುಳಸಿ ಕುಂಡ ಕೂಡ ಆ ವಾರ್ಡಿಗೆ ನಿಷಿದ್ಧ, ಮಣ್ಣಿನಲ್ಲಿ ಬೂಷ್ಟು, ಹೂವಿನ ನೀರಿನಲ್ಲಿ ಬ್ಯಾಕ್ಟೀರಿಯಾ ಇರುತ್ತದೆ. ಕಿಡ್ನಿ ಸೋತ ಮಗುವಿಗೆ ನೈವೇದ್ಯದ ಬಾಳೆಹಣ್ಣು, ಎಳನೀರು ಕೇಳದೆ ಕೊಡಬೇಡಿ, ಎರಡರಲ್ಲೂ ಪೊಟ್ಯಾಸಿಯಂ ಹೆಚ್ಚು.

ಮಂತ್ರ ಹೇಳುವ ಪ್ಲಗ್ ಪೆಟ್ಟಿಗೆ ಕೊಳ್ಳುವುದು ವ್ಯರ್ಥ. ಮಂಚದ ತಲೆಯ ಕಡೆಯ ಸಾಕೆಟ್ಟುಗಳು ಔಷಧಿ ಹರಿಸುವ ಸಿರಿಂಜ್ ಪಂಪಿಗೆ, ಮಾನಿಟರಿಗೆ. ಒಂದನ್ನು ಕಿತ್ತು ಪೆಟ್ಟಿಗೆ ಸಿಕ್ಕಿಸಿದರೆ ಪಂಪು ತನ್ನ ಬ್ಯಾಟರಿಯಲ್ಲಿ ಓಡಿ ಕೆಲವು ಗಂಟೆಯಲ್ಲಿ ನಿಲ್ಲುತ್ತದೆ. ಮೊಬೈಲಿನಲ್ಲಿ ಸುಪ್ರಭಾತವನ್ನು ಇಯರ್‌ಫೋನ್ ಹಾಕಿ ತಾಯಿ ಕೇಳಲಿ. ಮಗುವಿಗೆ ತಾಯಿಯೇ ಮೆಲುದನಿಯಲ್ಲಿ ಹೇಳಿದ ಪದ ಸಾಕು, ಅದಕ್ಕೆ ಖರ್ಚೂ ಇಲ್ಲ.

ತಾಯಂದಿರ ಹರಕೆಯ ಬಗ್ಗೆಯೂ ಒಂದು ಮಾತು. ಸೋಮವಾರ ಶನಿವಾರದ ಒಪ್ಪತ್ತನ್ನು ಎದೆಹಾಲು ಕುಡಿಸುವವರು ಅಪ್ಪನಿಗೋ ಅಜ್ಜನಿಗೋ ವರ್ಗಾಯಿಸಲಿ. ಬರಿಗಾಲ ಹರಕೆ ಆಸ್ಪತ್ರೆಯ ಒಳಗೆ ಬೇಡ, ನೆಲದ ಮೇಲೆ ಸೂಜಿ ಬಿದ್ದಿರಬಹುದು. ಬೆಂಗಳೂರು ವಿವೇಕನಗರದ ಬಾಲಯೇಸು ಚರ್ಚಿಗೆ ಗುರುವಾರ ಹೋಗುವುದು, ದರ್ಗಾಕ್ಕೆ ಚಾದರ ಒಯ್ಯುವುದು, ಇವನ್ನೆಲ್ಲ ವಾರ್ಡಿನಲ್ಲಿ ಪಾಳಿಯಿಲ್ಲದವರು ಮಾಡಿದರೆ ಮಗುವಿನ ಬಳಿ ಯಾವಾಗಲೂ ಒಬ್ಬರಿರುತ್ತಾರೆ. ಹೊರಗಿನಿಂದ ಬಂದವರು ಕೈಕಾಲು ತೊಳೆದು ಬಟ್ಟೆ ಬದಲಿಸಿ ಮಗುವನ್ನು ಮುಟ್ಟುವುದು ನಮ್ಮ ಮನೆಗಳ ಹಳೆಯ ಪದ್ಧತಿ, ವಾರ್ಡಿಗೂ ಅದೇ ಬೇಕು.

ಇಡೀ ಚೀಲದಲ್ಲಿ ಪೂರ್ತಿ ಅಂಕ ಮುಡುಪಿಗೆ. ಅರಿಶಿನದಲ್ಲಿ ಅದ್ದಿ ಒಣಗಿಸಿದ ಅಂಗೈ ಅಗಲದ ಬಟ್ಟೆ, ಒಂದು ನಾಣ್ಯ, ಗಂಟು. ಬೆಂಕಿಯಿಲ್ಲ, ಪುಡಿಯಿಲ್ಲ, ಮಗುವಿನ ಮೈಗೆ ತಾಗುವುದಿಲ್ಲ. ಮಂಚದ ಬಳಿ ನಿಂತು ಸಂಕಲ್ಪ ಮಾಡಿ, ಗಂಟನ್ನು ಮನೆಗೆ ಕಳಿಸಿ ದೇವರ ಗೂಡಿನಲ್ಲಿ ಇಡಿಸಿ. ವಾರ್ಡಿನಲ್ಲಿ ಇಟ್ಟುಕೊಳ್ಳಬೇಡಿ: ಈಗಿನ ಒಂದು ರೂಪಾಯಿ ನಾಣ್ಯದ ಅಗಲವೂ 20 ಮಿಲಿಮೀಟರ್, ಗುಂಡಿ ಸೆಲ್ಲಿನಷ್ಟೇ. ನುಂಗಿದರೆ ಸುಡುವುದಿಲ್ಲವಾದರೂ ಸಿಕ್ಕಿಕೊಳ್ಳುತ್ತದೆ. ಎಕ್ಸ್‌ರೇಯಲ್ಲಿ ಎರಡನ್ನೂ ಬೇರೆ ಮಾಡಲು ಅಂಚಿನ ಜೋಡಿ ಉಂಗುರ ನೋಡಬೇಕು, ಅದು ಸೆಲ್ಲಿನ ಗುರುತು.

ಮುಡಿ ಹರಕೆ ಹೊತ್ತವರು ಡಿಸ್ಚಾರ್ಜ್ ಆದ ದಿನವೇ ಬೆಟ್ಟ ಹತ್ತಬೇಡಿ. ಕ್ಯಾನ್ಸರಿನ ಕೀಮೋ ನಡೆಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳ ಎಣಿಕೆ ಕೇಳಿ, ಕಡಿಮೆಯಿದ್ದಾಗ ಬ್ಲೇಡಿನ ಸಣ್ಣ ಗೀರೂ ಸುರಿಯುತ್ತದೆ. ತಲೆಯ ಹೊಲಿಗೆ ಪೂರ್ತಿ ಮಾಗಬೇಕು, ಬ್ಲೇಡು ನಿಮ್ಮ ಕಣ್ಣೆದುರೇ ಹೊಸದಾಗಿ ಬಿಚ್ಚಿದ್ದಾಗಬೇಕು. ಮೆದುಳಿನ ನೀರು ಇಳಿಸುವ ಶಂಟ್ ಹಾಕಿದ ಮಗುವಾದರೆ ಚರ್ಮದ ಕೆಳಗಿನ ಉಬ್ಬು ಎಲ್ಲಿದೆಯೆಂದು ಕ್ಷೌರದವರಿಗೆ ಕೈಯಿಟ್ಟು ತೋರಿಸಿ, ಆಮೇಲೆ ಕೂರಿಸಿ.