ಮೊಂಟಾನಾದ ‘ರೈಟ್ ಟು ಕಂಪ್ಯೂಟ್’ ಕಾಯ್ದೆ ಓದಿದೆ: 5ಕ್ಕೆ 3 ಸ್ಟಾರ್

ಹೋಟೆಲಿಗೆ, ಮೊಬೈಲಿಗೆ ರಿವ್ಯೂ ಬರೆಯುತ್ತೇವೆ. ಸರ್ಕಾರ ಜನರಿಗೆ ಕೊಡುವ ಕಾಯ್ದೆಗೂ ಬರೆಯಬೇಕು ಅಲ್ವಾ?

ಇದು ಅಮೆರಿಕದ ಮೊಂಟಾನಾ ರಾಜ್ಯದ್ದು, ‘ರೈಟ್ ಟು ಕಂಪ್ಯೂಟ್’ ಅಂದರೆ ಕಂಪ್ಯೂಟರ್ ಬಳಸುವ ಹಕ್ಕಿನ ಕಾಯ್ದೆ. ಮಸೂದೆಯ ಸಂಖ್ಯೆ ಎಸ್‌ಬಿ (ಸೆನೆಟ್ ಬಿಲ್) 212. ಗವರ್ನರ್ ಗ್ರೆಗ್ ಜಿಯಾನ್‌ಫೋರ್ಟೆ 2025ರ ಏಪ್ರಿಲ್‌ನಲ್ಲಿ ಸಹಿ ಹಾಕಿದರು. ಆ ದೇಶದಲ್ಲಿ ಇಂಥ ಕಾಯ್ದೆ ಇದೇ ಮೊದಲು. ಪುಟಗಳು ಕಮ್ಮಿ, ಒಂದೇ ಸಲ ಕೂತು ಓದಬಹುದು.

ಮೊದಲ ಭಾಗ ತುಂಬಾ ಇಷ್ಟವಾಯಿತು. ಆಸ್ತಿ ಇಟ್ಟುಕೊಳ್ಳುವ ಹಕ್ಕು, ಮಾತಾಡುವ ಹಕ್ಕು ಆ ರಾಜ್ಯದ ಸಂವಿಧಾನದಲ್ಲೇ ಇವೆ. ಕಂಪ್ಯೂಟರ್ ಇಟ್ಟುಕೊಳ್ಳುವುದು, ಬಳಸುವುದು ಅದರೊಳಗೇ ಬರುತ್ತದೆ ಅನ್ನುತ್ತದೆ ಕಾಯ್ದೆ. ಸರ್ಕಾರ ಅಡ್ಡ ಹಾಕಬೇಕಾದರೆ ಜನರ ಆರೋಗ್ಯಕ್ಕೋ ಸುರಕ್ಷತೆಗೋ ಅದು ಬೇಕೇ ಬೇಕು ಅಂತ ತೋರಿಸಬೇಕು, ಅದೂ ಎಷ್ಟು ಬೇಕೋ ಅಷ್ಟೇ. ಮಕ್ಕಳಿಗೆ ಡೀಪ್‌ಫೇಕ್ (ನಿಜದಂತೆ ಕಾಣುವ ನಕಲಿ ಫೋಟೊ, ವಿಡಿಯೊ) ಕಾಟ, ಮೋಸ, ಸಾಲು ಸಾಲು ಕಂಪ್ಯೂಟರ್ ಇಟ್ಟ ಡೇಟಾ ಸೆಂಟರ್‌ನಿಂದ ಅಕ್ಕಪಕ್ಕದವರಿಗೆ ತೊಂದರೆ ಇವಕ್ಕೆ ತಡೆ ಹಾಕುವ ದಾರಿ ಉಳಿಸಿಕೊಂಡಿದ್ದಾರೆ. ಮನೆಯಲ್ಲೇ ಮಷಿನ್ ಇಟ್ಟುಕೊಂಡು ಎಐ ಕಲಿಯುವ ಹುಡುಗರಿಗೆ ಇದು ದೊಡ್ಡ ಧೈರ್ಯ.

ಆಮೇಲಿನ ಭಾಗ ಓದಿ ಬೇಜಾರಾಯಿತು. ಕರೆಂಟು, ನೀರಿನಂಥ ವ್ಯವಸ್ಥೆಯನ್ನು ಎಐ ನಡೆಸಿದರೆ, ಅಪಾಯ ಬಂದಾಗ ಏನು ಮಾಡಬೇಕು ಅನ್ನುವ ನೀತಿಯನ್ನು ಎನ್‌ಐಎಸ್‌ಟಿ (ಅಮೆರಿಕ ಸರ್ಕಾರದ ಮಾನದಂಡ ಸಂಸ್ಥೆ) ಅಥವಾ ಐಎಸ್‌ಒ (ಅಂತರರಾಷ್ಟ್ರೀಯ ಮಾನದಂಡ ಸಂಸ್ಥೆ) ಥರದವರ ಮಾರ್ಗಸೂಚಿ ನೋಡಿಕೊಂಡು ಬರೆಯಬೇಕು. ಸರಿ. ಆದರೆ ಯಾವಾಗ? ಎಐ ಅಳವಡಿಸಿದ ನಂತರ ಅಂತಿದೆ!

ನಾನು ಕರೆಂಟಿನ ಸಬ್‌ಸ್ಟೇಷನ್‌ನಲ್ಲಿ 11 ವರ್ಷ ಶಿಫ್ಟ್ ಮಾಡಿದವನು. ನಮ್ಮಲ್ಲಿ ಎಲ್‌ಸಿ ಅನ್ನುತ್ತೇವೆ, ಲೈನ್ ಕ್ಲಿಯರ್, ಅಂದರೆ ಲೈನ್‌ನಲ್ಲಿ ಕರೆಂಟಿಲ್ಲ, ಕೆಲಸ ಮಾಡಬಹುದು ಅನ್ನುವ ಅನುಮತಿ. ಲೈನ್‌ಮನ್ ಫೋನ್ ಮಾಡಿ ಕೇಳುತ್ತಾರೆ, ನಾವು ಫೀಡರ್ (ಅಲ್ಲಿಗೆ ಕರೆಂಟು ಹೋಗುವ ಲೈನ್) ಆಫ್ ಮಾಡಿ, ಐಸೊಲೇಟರ್ (ಲೈನ್ ಬೇರ್ಪಡಿಸುವ ಸ್ವಿಚ್) ತೆಗೆದು, ಲೈನನ್ನು ನೆಲಕ್ಕೆ ಜೋಡಿಸಿ ಅರ್ತ್ ಮಾಡಿ, ರಿಜಿಸ್ಟರ್‌ನಲ್ಲಿ ಹೆಸರು, ಟೈಮು ಬರೆದು, ಆಮೇಲೆ ಎಲ್‌ಸಿ ಕೊಡುತ್ತೇವೆ. ಅಲ್ಲಿವರೆಗೆ ಯಾರೂ ಕಂಬ ಹತ್ತುವ ಹಾಗಿಲ್ಲ. ಮಳೆ ಸುರಿಯುತ್ತಿರಲಿ, ಊರೆಲ್ಲಾ ಕತ್ತಲಾಗಿ ಜನ ಬೈಯುತ್ತಿರಲಿ, ಬರೆಯುವುದು ಮೊದಲು, ಹತ್ತುವುದು ಆಮೇಲೆ. ಒಬ್ಬ ಲೈನ್‌ಮನ್‌ಗೇ ಇಷ್ಟು ಎಚ್ಚರ ಬೇಕಾದರೆ, ಇಡೀ ಊರಿನ ಕರೆಂಟು ನೋಡಿಕೊಳ್ಳುವ ಎಐಗೆ ಎಷ್ಟು ಬೇಕು?

ಅಮೆರಿಕದ ಕೇಂದ್ರ ಸರ್ಕಾರದ ನಿಯಮಕ್ಕೆ ಬರೆದ ಯೋಜನೆ ಇದ್ದರೆ ಅದೇ ಸಾಕು ಅಂತಲೂ ಇದೆ. ಸುಮ್ನೆ ಎರಡೆರಡು ಸಲ ಬರೆಯುವ ಗೋಳಿಲ್ಲ, ಅದಕ್ಕೆ ನನ್ನ ತಕರಾರಿಲ್ಲ. ತಿದ್ದುಪಡಿ ತಂದು ‘ನಂತರ’ ತೆಗೆದು ‘ಮೊದಲು’ ಅಂತ ಹಾಕಿದ ದಿನ ಇನ್ನೊಂದು ಸ್ಟಾರ್ ಸೇರಿಸುತ್ತೇನೆ.