ನಿಂಬೆ ಹುಲ್ಲು, ಸಿಟ್ರೊನೆಲ್ಲಾ, ಲಾವಂಚ, ಪಚೋಲಿ: ಒಂದೇ ಡ್ರಮ್ಮಿನಲ್ಲಿ ಇಳಿಸಿ ನೋಡಿದ್ದು

ಮನೆ ಹಿಂದಿನ ದರೆಯ ಮೇಲೆ ಮೂರು ಗುಂಟೆ ಜಾಗ ಸುಮ್ನೆ ಬಿದ್ದಿತ್ತು. ಗೆಣಸು ಹಾಕಿದರೆ ಹಂದಿ, ಬಾಳೆ ಹಾಕಿದರೆ ಮಂಗ. ಯಾವ ಪ್ರಾಣಿಯೂ ಮೂಸಿ ನೋಡದಂಥ ಬೆಳೆ ಬೇಕಿತ್ತು. ಹಾಗಾಗಿ ಸುಗಂಧದ ಹುಲ್ಲಿನ ಕಡೆ ಹೋದೆ. ಎಣ್ಣೆ ಇಳಿಸಲು 60 ಲೀಟರಿನ ಸ್ಟೀಲ್ ಡ್ರಮ್ಮಿಗೆ ಪೇಟೆಯ ವೆಲ್ಡಿಂಗ್ ಅಂಗಡಿಯಲ್ಲಿ ಮುಚ್ಚಳ, ಪೈಪು ಕೂರಿಸಿಕೊಂಡು ಬಂದೆ. ತಳದಲ್ಲಿ ನೀರು, ಅದರ ಮೇಲೆ ಜಾಲರಿ, ಜಾಲರಿ ಮೇಲೆ ಹುಲ್ಲು. ನೀರು ಕುದ್ದು ಹಬೆ ಹುಲ್ಲಿನೊಳಗಿಂದ ಏಳುತ್ತದೆ, ಎಣ್ಣೆಯನ್ನೂ ಜೊತೆಗೆ ಎಳೆದುಕೊಂಡು ಪೈಪಿಗೆ ಹೋಗುತ್ತದೆ, ತಣ್ಣೀರಿನ ಪೀಪಾಯಿಯಲ್ಲಿ ಸುತ್ತಿ ಬಂದು ಬಾಟಲಿಗೆ ತೊಟ್ಟಿಕ್ಕುತ್ತದೆ. ಇಷ್ಟೇ. ಇವರ ಮನೆಯಲ್ಲಿ ಕಳ್ಳಭಟ್ಟಿ ಶುರುವಾಗಿದೆಯಂತೆ ಅಂತ ಊರಲ್ಲಿ ಸುದ್ದಿಯೂ ಆಯ್ತು, ಇರಲಿ.

ಮೊದಲೇ ಹೇಳಿಬಿಡುತ್ತೇನೆ. ಎಣ್ಣೆ ಜಾಸ್ತಿ ಕೊಟ್ಟಿದ್ದು ಸಿಟ್ರೊನೆಲ್ಲಾ, ಆದರೆ ನಾನು ಉಳಿಸಿಕೊಂಡಿದ್ದು ನಿಂಬೆ ಹುಲ್ಲು.

ನಿಂಬೆ ಹುಲ್ಲು ಅಂದರೆ ನಮ್ಮ ಕಡೆ ಮಜ್ಜಿಗೆ ಹುಲ್ಲು. ಹಿತ್ತಲಲ್ಲಿ ಒಂದು ಬುಡ ಯಾವಾಗಲೂ ಇತ್ತು, ಆದರೆ ಎಣ್ಣೆಗೆ ಅಂತಲೇ ಬೇರೆ ತಳಿಗಳಿವೆ. ಔಷಧಿ, ಸುಗಂಧ ಸಸ್ಯಗಳ ಸಂಶೋಧನೆ ಮಾಡುವ ಲಖನೌದ ಸೀಮ್ಯಾಪ್ ಸಂಸ್ಥೆಯ 'ಕೃಷ್ಣ' ಒಂದು, ಕೇರಳದ ಓಡಕ್ಕಾಲಿ ಸಂಶೋಧನಾ ಕೇಂದ್ರದ 'ಓಡಿ-19' ಇನ್ನೊಂದು. ನಾನು ಹಾಕಿದ್ದು ಕೃಷ್ಣ. ನೆಟ್ಟು ಮೂರು ತಿಂಗಳಿಗೆ ಮೊದಲ ಕೊಯ್ಲು, ಆಮೇಲೆ ಎರಡು, ಎರಡೂವರೆ ತಿಂಗಳಿಗೊಮ್ಮೆ. ಕೊಯ್ದು ಒಂದು ದಿನ ನೆರಳಲ್ಲಿ ಬಾಡಿಸಿದರೆ ಡ್ರಮ್ಮಿನಲ್ಲಿ ಜಾಸ್ತಿ ಹಿಡಿಸುತ್ತದೆ, ಸೌದೆಯೂ ಉಳಿಯುತ್ತದೆ. 12 ಕೆ.ಜಿ. ಬಾಡಿದ ಹುಲ್ಲಿಗೆ ಬೇಸಿಗೆಯಲ್ಲಿ ನನಗೆ ಸಿಕ್ಕಿದ್ದು ಹೆಚ್ಚುಕಮ್ಮಿ 50 ಮಿ.ಲೀ. ಎರಡೂವರೆ ಗಂಟೆಯ ಉರಿ. ಅದೇ ಹುಲ್ಲು ಆಗಸ್ಟಿನ ಮಳೆಯಲ್ಲಿ ಕೊಯ್ದಾಗ 30 ದಾಟಲಿಲ್ಲ, ಅದೂ ಹಸಿ ಸೌದೆಯ ಹೊಗೆ ಕುಡಿದುಕೊಂಡು. ಮಳೆಗಾಲದಲ್ಲಿ ಹುಲ್ಲು ತೊಡೆಯೆತ್ತರ ಬೆಳೆಯುತ್ತದೆ, ಎಣ್ಣೆ ಮಾತ್ರ ಇರುವುದಿಲ್ಲ.

ಸಿಟ್ರೊನೆಲ್ಲಾ ಇದರ ಅಕ್ಕನ ಮಗಳ ಹಾಗೆ, ನೋಡಲು ಅದೇ ಮುಖ. ನನ್ನ ತೋಟದಲ್ಲಿ ಅದರ ಬುಡ ಕೆಂಪು, ಗರಿ ಅಗಲವಾಗಿ ಬಾಗಿಕೊಂಡಿರುತ್ತದೆ. ಆದರೂ ಒಂದು ಸಂಜೆ ಅತ್ತಿಗೆ ಕತ್ತಲಲ್ಲಿ ಅದನ್ನೇ ಕಿತ್ತು ತಂದು ಕಷಾಯ ಮಾಡಿದರು. ಒಂದು ಗುಟುಕಿಗೆ ಅಣ್ಣ, "ಇದೇನೇ, ನೆಲ ಒರೆಸುವ ನೀರು ಕುದಿಸಿದ್ಯಾ?" ಅಂದ. ಎರಡನ್ನೂ ಹಾಕುವವರು ದೂರದೂರ ಹಾಕಿ. ನನಗೆ ಸಸಿ ಕೊಟ್ಟ ನರ್ಸರಿಯವರೇ ಎರಡನ್ನೂ ಬೆರೆಸಿ ಕೊಟ್ಟಿದ್ದರು, ಎಲೆ ಉಜ್ಜಿ ಮೂಸಿ ಮೂಸಿ ಬೇರೆ ಮಾಡಿದ್ದು ನಾನೇ.

ಎಣ್ಣೆ ವಿಷಯದಲ್ಲಿ ಮಾತ್ರ ಇದನ್ನು ಹೊಗಳಲೇಬೇಕು. ಅದೇ 12 ಕೆ.ಜಿ.ಗೆ 95 ಮಿ.ಲೀ.! ಸುಮಾರು ಎರಡರಷ್ಟು. ಆದರೆ ಇಷ್ಟೊಂದು ಎಣ್ಣೆ ಇಟ್ಟುಕೊಂಡು ಮನೆಯಲ್ಲಿ ಏನು ಮಾಡುವುದು ಅನ್ನೋದೇ ಪ್ರಶ್ನೆ. ಸೊಳ್ಳೆಗೆ ಆಗುತ್ತದೆ, ನಿಜ. ಕೊಬ್ಬರಿ ಎಣ್ಣೆಗೆ ಬೆರೆಸಿ ಕಾಲಿಗೆ ಹಚ್ಚಿಕೊಂಡು ತೋಟಕ್ಕೆ ಹೋದರೆ ಒಂದು ಗಂಟೆ ನೆಮ್ಮದಿ, ಆಮೇಲೆ ವಾಸನೆ ಹಾರಿಹೋಗುತ್ತದೆ, ಸೊಳ್ಳೆ ವಾಪಸ್ ಬರುತ್ತದೆ. ಇಂಬಳಕ್ಕೆ, ಅಂದರೆ ಜಿಗಣೆಗೆ ಅಂತ ಹಚ್ಚಿದ್ದೆ, ನನಗೇನೂ ವ್ಯತ್ಯಾಸ ಕಾಣಲಿಲ್ಲ. ನೀರು ನಿಲ್ಲುವ ಕಡೆ ಇದ್ದ ಬುಡಗಳು ಎರಡನೇ ಮಳೆಗಾಲಕ್ಕೇ ಹಳದಿಯಾಗಿ ಕೊಳೆತವು. ನಿಂಬೆ ಹುಲ್ಲು ಪಕ್ಕದಲ್ಲೇ ಗಟ್ಟಿಯಾಗಿ ನಿಂತಿತ್ತು.

ಈ ಎರಡು ಎಣ್ಣೆಗಳನ್ನು ಪ್ಲಾಸ್ಟಿಕ್ ಬಾಟಲಿಗೆ ಮಾತ್ರ ಹಾಕಬೇಡಿ. ನಾನು ನೀರಿನ ಬಾಟಲಿಗೆ ತುಂಬಿ ಅಟ್ಟದ ಮೇಲಿಟ್ಟಿದ್ದೆ. ತಿಂಗಳು ಬಿಟ್ಟು ನೋಡಿದರೆ ಬಾಟಲಿ ಸೊಟ್ಟಗಾಗಿ ಮೆತ್ತಗೆ ಕೂತಿತ್ತು, ಮುಚ್ಚಳ ಅಂಟಿಕೊಂಡು ಬರಲೇ ಇಲ್ಲ. ಈಗ ಕಂದು ಗಾಜಿನ ಬಾಟಲಿಗೆ ಕುತ್ತಿಗೆವರೆಗೆ ತುಂಬುತ್ತೇನೆ. ಒಳಗೆ ಗಾಳಿ ಇದ್ದರೆ ನಿಂಬೆ ಹುಲ್ಲಿನ ಎಣ್ಣೆ ಬೇಗ ಕೆಡುತ್ತದೆ, ಅದರ ಘಮಕ್ಕೆ ಕಾರಣವಾದ ಸಿಟ್ರಾಲ್ ಗಾಳಿ, ಬೆಳಕು ಎರಡಕ್ಕೂ ಅಂಜುತ್ತದೆ. ಬೆರೆಸದೆ ಚರ್ಮಕ್ಕೆ ತಾಗಿಸಿದರೆ ಉರಿಯುತ್ತದೆ ಕೂಡ.

ಇನ್ನು ಲಾವಂಚ. ಆಸೆ ಇಟ್ಟುಕೊಂಡಿದ್ದು ಇದರ ಮೇಲೇ. ಇದರಲ್ಲಿ ಎಣ್ಣೆ ಇರುವುದು ಬೇರಿನಲ್ಲಿ, ಅಗೆಯಲು ಒಂದೂವರೆ ವರ್ಷ ಕಾದೆ. ಮರಳು ಮಣ್ಣಿನಲ್ಲಿ ಎಳೆದರೆ ಬರುತ್ತದಂತೆ, ನಮ್ಮದು ಜಂಬಿಟ್ಟಿಗೆ. ಪಿಕಾಸಿ ಹಿಡಿದು ಇಬ್ಬರು ಇಡೀ ದಿನ ಅಗೆದರೂ ಅರ್ಧ ಬೇರು ನೆಲದೊಳಗೇ ಉಳಿಯಿತು. ತೊಳೆದು, ಒಣಗಿಸಿ, ಕತ್ತರಿಸಿ, ರಾತ್ರಿ ನೆನೆಸಿ, 5 ಕೆ.ಜಿ. ಡ್ರಮ್ಮಿಗೆ ಹಾಕಿದೆ. ಮೊದಲ ಎರಡು ಗಂಟೆ ಬರೀ ನೀರು! ಬೇರಿನ ಎಣ್ಣೆ ಹಬೆಗೆ ಅಷ್ಟು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ, 18 ಗಂಟೆ, 24 ಗಂಟೆ ಉರಿಸುವವರಿದ್ದಾರೆ. ನಾನು ಎರಡು ದಿನ ಸೇರಿ 14 ಗಂಟೆ ಉರಿಸಿದೆ, ನಡುನಡುವೆ ಕುದಿನೀರು ತುಂಬಿಸಿಕೊಂಡು. ಬಚ್ಚಲ ಒಲೆಗೆ ಅಂತ ಇಟ್ಟಿದ್ದ ಸೌದೆಯೂ ಖಾಲಿ. ಅಮ್ಮ ಆ ವಾರ ಮಾತೇ ಆಡಲಿಲ್ಲ.

ಬಾಟಲಿಯಲ್ಲಿ ಕಂಡದ್ದು ಇನ್ನೂ ವಿಚಿತ್ರ. ಹುಲ್ಲಿನ ಎಣ್ಣೆ ಹಳದಿಯಾಗಿ ಮೇಲೆ ತೇಲುತ್ತದೆ, ಇಂಜೆಕ್ಷನ್ ಸಿರಿಂಜಿನಲ್ಲಿ ಎಳೆದುಕೊಂಡರಾಯ್ತು. ಲಾವಂಚದ್ದು ಜೋನಿಬೆಲ್ಲದ ಬಣ್ಣ, ತೂಕ ಹೆಚ್ಚುಕಮ್ಮಿ ನೀರಿನದೇ. ಕೆಲವು ಹನಿ ಮೇಲೆ, ಕೆಲವು ತಳದಲ್ಲಿ, ಉಳಿದವು ನಡುವೆ ತೂಗಾಡುತ್ತ, ಒಂದಿಷ್ಟು ಪೈಪಿನೊಳಗೇ ಅಂಟಿಕೊಂಡಿತ್ತು. ಪೀಪಾಯಿಯ ನೀರು ಸ್ವಲ್ಪ ಬೆಚ್ಚಗಿದ್ದರೆ ಅಂಟುವುದು ಕಡಿಮೆ ಅಂತ ಆಮೇಲೆ ಗೊತ್ತಾಯ್ತು. ಎಲ್ಲ ಸೇರಿ 18 ಮಿ.ಲೀ. ಆದರೆ ಆ ಘಮ! ಮೊದಲ ಮಳೆ ಬಿದ್ದ ಮಣ್ಣು, ಅದರ ಹಿಂದೆ ಹೊಗೆ. ಒಂದು ಹನಿ ಟವೆಲಿಗೆ ಬಿದ್ದದ್ದು ನಾಲ್ಕು ಒಗೆತಕ್ಕೂ ಹೋಗಲಿಲ್ಲ. ಆದರೂ ಇನ್ನೊಮ್ಮೆ ಇಳಿಸುವುದಿಲ್ಲ. ಬೇರನ್ನು ಹಾಗೇ ಕಟ್ಟಿ ಕುಡಿಯುವ ನೀರಿನ ಮಡಕೆಗೆ ಹಾಕುವುದು, ಬೀರುವಿನ ಸೀರೆ ನಡುವೆ ಇಡುವುದು, ಇದಕ್ಕೆ ಅಷ್ಟು ಸಾಕು.

ಪಚೋಲಿ ಹುಲ್ಲಲ್ಲ, ಎಲೆಯಲ್ಲಿ ಘಮ ಇರುವ ಗಿಡ. ಸುಮ್ನೆ ನೋಡೋಣ ಅಂತ ಅಡಿಕೆ ತೋಟದ ನೆರಳಿನಲ್ಲಿ ಹಾಕಿದ್ದು. ನೆರಳು ಇಷ್ಟ, ಹೆಚ್ಚು ಗೊಣಗುವುದಿಲ್ಲ. ಎಲೆ ನೆರಳಲ್ಲಿ ಒಣಗಿಸಿ ಕೆಲವು ವಾರ ಗೋಣಿಯಲ್ಲಿಟ್ಟು ಇಳಿಸಿದೆ. 3 ಕೆ.ಜಿ. ಒಣ ಎಲೆಗೆ ಆರು ಗಂಟೆಯಲ್ಲಿ 50 ಮಿ.ಲೀ. ಬಂತು. ಹೊಸದಾಗಿದ್ದಾಗ ಹಳೇ ಪೆಟ್ಟಿಗೆಯ ಬೂಷ್ಟು ವಾಸನೆ, ಇಟ್ಟಷ್ಟೂ ಚೆನ್ನಾಗುತ್ತದೆ. ತಪ್ಪು ಮಾಡಿದ್ದು ಅದಾದ ಮೇಲೆ. ಅದೇ ಡ್ರಮ್ಮಿನಲ್ಲಿ ನಿಂಬೆ ಹುಲ್ಲು ಹಾಕಿದೆ. ಎರಡು ಸಲದ ಎಣ್ಣೆ ಪೂರ್ತಿ ಪಚೋಲಿ ವಾಸನೆ. ಈಗ ನಾಲ್ಕು ಬಾರಿ ಖಾಲಿ ನೀರು ಕುದಿಸಿ ಹಬೆ ಹಾಯಿಸಿದ್ದೇನೆ. ಪೈಪಿನ ಬಾಯಿಗೆ ಮೂಗಿಟ್ಟರೆ ಇನ್ನೂ ಇದೆ.